ತಿರುಗೋ ಬಳಿ

ಹೋದ ತಿಂಗಳು ಸೊಸೆಯನ್ನು ಕರೆದುಕೊಂಡು ರಬಕವಿಗೆ ಹೋಗಿದ್ದೆ. ಅದು ನನ್ನ ತವರು. ಈಗ ಅಲ್ಲಿ ನಮ್ಮವರೆನ್ನುವವರು ಯಾರೂ ಉಳಿದಿಲ್ಲ, ಆದರೂ ಆಗಾಗ ಹಣಮಪ್ಪನ ಗುಡಿಗೆ ಹೋಗಿ ಬರದಿದ್ದರೆ ನನಗೆ ಸಮಾಧಾನವಿಲ್ಲ. ಅವತ್ತು ಪೂಜಾರಿ ಬಟ್ಟಲಿಗೆ ಸೇಂದೂರ ಹಾಕಿ, ಅದರ ಮೇಲೆ ಅಗಸೆ ಎಣ್ಣೆ ಸುರಿದು, ಬೆರಳಿನಿಂದ ಕಲಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರಿಗಿದ್ದ ದೇವರು ಮರೆತೇಹೋದ. ಕೈಮುಗಿದುಕೊಂಡು ನಿಂತವಳು ಗಟ್ಟಿಯಾಗಿ "ಫ್ಲ್ಯಾಂಜ್" ಎಂದುಬಿಟ್ಟೆ.

ಸೊಸೆ ತಿರುಗಿ ನೋಡಿದಳು. "ಏನಂದ್ರಿ ಅತ್ತಿಯಾರ?"

"ಏನಿಲ್ಲವಾ, ದೇವರ ಹೆಸರ ತಗೊಂಡ್ನಿ."

ಅದು ಪೂರ್ತಿ ಸುಳ್ಳೇನೂ ಅಲ್ಲ. ನಮ್ಮ ಮನೆಯಲ್ಲಿ ಒಂದು ಬೇಸಿಗೆಯಿಡೀ ದೇವರ ಹೆಸರಿಗಿಂತ ಹೆಚ್ಚು ಸಲ ಆ ಮಾತು ಕೇಳಿಬಂದಿತ್ತು. ಸಂಸ್ಥಾನಗಳೆಲ್ಲ ಮುಗಿದು, ನಾವು ಮುಂಬಯಿ ರಾಜ್ಯದವರಾಗಿದ್ದ ವರ್ಷಗಳವು. ನನಗೆ ಮದುವೆಯಾಗಿ ಇನ್ನೂ ಹೊಸತು. ಗಂಡನ ಮನೆ ಜಮಖಂಡಿಯಲ್ಲಿ. ಆದರೆ ಆ ವರ್ಷ ನಾವಿಬ್ಬರೂ ರಬಕವಿಯ ನನ್ನ ತವರುಮನೆಯಲ್ಲೇ ಇದ್ದೆವು. ಕೃಷ್ಣೆಯ ದಂಡೆಯಿಂದ ಊರಿಗೆ ಕುಡಿಯುವ ನೀರು ತರುವ ಕೆಲಸ ಹಿಡಿದಿದ್ದ ಪುಣೆಯ ಗುತ್ತೇದಾರರ ಹತ್ತಿರ ನಮ್ಮವರು ಇಂಜಿನಿಯರಾಗಿದ್ದರು. ನದಿ ಹತ್ತಿರ, ಮಾವನ ಮನೆ ಇನ್ನೂ ಹತ್ತಿರ. ಓಣಿಯವರು ಇವರನ್ನು ಕಂಡಾಗಲೆಲ್ಲ "ಮನೀ ಅಳಿಯಾರು ಬಂದ್ರು" ಎಂದು ಕಾಡಿಸುತ್ತಿದ್ದರು. ಇವರು ನಾಚಿ ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದರು.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆತನ. ಅಂಗಳದ ತುಂಬ ಹುಗಿದಿಟ್ಟ, ಬಣ್ಣ ತುಂಬಿದ ದೊಡ್ಡ ಮಣ್ಣಿನ ಹರವಿಗಳು, ಮೇಲೆ ಗಳಗಳಲ್ಲಿ ಒಣಹಾಕಿದ ಕೆಂಪು, ನೀಲಿ ನೂಲಿನ ಲಡಿಗಳು. ಆದರೆ ಅಪ್ಪನಿಗೆ ಚಿಕ್ಕಂದಿನಿಂದ ಬಣ್ಣಕ್ಕಿಂತ ಕಬ್ಬಿಣದ ಹುಚ್ಚು. ಮಿರಜಿಗೆ ಹೋಗಿ ಕೆಲಸ ಕಲಿತು ಬಂದು ಹಿತ್ತಲಿನಲ್ಲಿ ವರ್ಕಶಾಪ್ ತೆಗೆದರು. ಹರವಿಗಳನ್ನು ಕಾಯ್ದುಕೊಂಡು ಬಂದವಳು ಅವರ ತಂಗಿ ಗಂಗವ್ವತ್ತಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು. ಮುಂದಿನ ಅಂಗಳ ಅತ್ತಿಯದು, ಹಿಂದಿನ ಹಿತ್ತಲು ಅಪ್ಪನದು. ನಡುವಿನ ಅಡುಗೆಮನೆಯಲ್ಲಿ ಇಬ್ಬರ ಜಗಳ ಕೇಳುತ್ತ ನಾನು ದೊಡ್ಡವಳಾದೆ.

ಬಣ್ಣಕ್ಕೆ ನೀರು ಸಿಹಿ ಇರಬೇಕು. ರಬಕವಿಯ ಬಾವಿಗಳೋ ಸವುಳು. ಆ ನೀರಿನಲ್ಲಿ ಅದ್ದಿದ ಕೆಂಪು ಒಂದು ಲಡಿಯಲ್ಲಿ ಗಾಢವಾದರೆ ಇನ್ನೊಂದರಲ್ಲಿ ಮಂಕು. ಸೀರೆ ನೇಯುವವರು ಮೊದಲು ಗೊಣಗಿದರು, ಆಮೇಲೆ ನೂಲನ್ನು ಬೇರೆ ಕಡೆ ಒಯ್ಯತೊಡಗಿದರು. ಅದಕ್ಕೇ ಅತ್ತಿ ಲಡಿಗಳ ಗಂಟು ಹೊತ್ತುಕೊಂಡು ನದಿಗೆ ನಡೆಯುತ್ತಿದ್ದಳು, ತೊಳೆದು ಹಸಿಗಂಟು ಹೊತ್ತು ತಿರುಗಿ ಬರುತ್ತಿದ್ದಳು. ಆಕೆಯ ಮೊಣಕಾಲು ಕೈಕೊಟ್ಟಿತ್ತು. ಆ ವರ್ಷದ ಯುಗಾದಿಯ ದಿನ ಬೇವುಬೆಲ್ಲ ತಿಂದು ಕೂತವಳು ಅಪ್ಪನಿಗೆ ಹೇಳಿದಳು, "ಅಣ್ಣಾ, ಈ ಮಳಿಗಾಲಾನೂ ಹಿಂಗಾದ್ರ ನಾ ಹರವಿ ಬೋರಲ ಹಾಕಿಬಿಡ್ತೇನಿ. ನನ್ನ ಕೈಲೆ ಆಗೂದಿಲ್ಲಪಾ."

ಹರವಿ ಬೋರಲು ಹಾಕುವುದೆಂದರೆ ನಮ್ಮಲ್ಲಿ ಒಲೆ ಆರಿಸಿದಂತೆ. ಅಪ್ಪ ತಾಟು ಕೆಳಗಿಟ್ಟರು. "ಮಿರಗ ಕೂಡೂದ್ರಾಗ ನಿನ್ನ ಬಾಗಲಾಕ ಕೃಷ್ಣಿ ನೀರ ತರ್ತೇನಿ. ಇದು ನನ್ನ ಮಾತು" ಎಂದರು. ತಂಗಿಗೆ ಕೊಟ್ಟ ಮಾತು. ಮಿರಗ, ಅಂದರೆ ಮೃಗಶಿರಾ ಮಳೆ ಕೂಡಲು ಆಗ ಎರಡು ತಿಂಗಳ ಮೇಲಿತ್ತು. ಪೈಪಿನ ಜೋಡಣೆಯ ಕೆಲಸವನ್ನು ಗುತ್ತೇದಾರರು ಅಪ್ಪನ ವರ್ಕಶಾಪಿಗೇ ವಹಿಸಿದ್ದರಿಂದ ಆ ಮಾತು ಉಳಿಸುವುದು ಬಿಡುವುದು ಅಪ್ಪನ ಕೈಯಲ್ಲೇ ಇತ್ತು. ಅರ್ಧ ಕೃಷ್ಣೆಯ ಕೈಯಲ್ಲೂ ಇತ್ತೆನ್ನಿ. ನದಿ ಏರುವುದಕ್ಕೆ ಮೊದಲು ದಂಡೆಯ ಪೈಪು ಕೂಡದಿದ್ದರೆ ಆ ಜಾಗವೆಲ್ಲ ನೀರಿನೊಳಗೆ ಹೋಗಿ, ಮತ್ತೆ ಕೆಲಸಕ್ಕೆ ಸಿಗುವುದು ದೀಪಾವಳಿ ಕಳೆದ ಮೇಲೆಯೇ.

ಪೈಪೆಂದರೆ ಸಣ್ಣದಲ್ಲ, ಆಳು ನುಸುಳಿ ಹೋಗುವಷ್ಟು ದೊಡ್ಡ ಬಾಯಿಯ ಉಕ್ಕಿನ ಪೈಪು. ಕುಡಚಿ ಸ್ಟೇಶನ್ನಿನಿಂದ ಹುನ್ನೂರಿನವರ ಎತ್ತಿನ ಗಾಡಿಗಳ ಮೇಲೆ ಒಂದೊಂದಾಗಿ ಬಂದಿಳಿದವು. ಅವುಗಳನ್ನು ಒಂದಕ್ಕೊಂದು ಕೂಡಿಸಲು ತುದಿಗೆ ದಪ್ಪ ಉಕ್ಕಿನ ಬಳೆಯಂಥದ್ದು ಬೇಕು. ಅದರ ಸುತ್ತ ಬೋಲ್ಟಿಗೆಂದು ತೂತುಗಳು. ಎರಡು ಪೈಪಿನ ಬಳೆಗಳನ್ನು ಮುಖಕ್ಕೆ ಮುಖ ತಂದು, ತೂತಿಗೆ ತೂತು ಕೂಡಿಸಿ, ನಡುವೆ ಸೇಂದೂರ ಮತ್ತು ಅಗಸೆ ಎಣ್ಣೆಯಲ್ಲಿ ನೆನೆಸಿದ ಸಣಬು ಇಟ್ಟು, ಬೋಲ್ಟು ಬಿಗಿದರೆ ನೀರು ಸೋರುವುದಿಲ್ಲ. ಅದಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ. ಗಂಗವ್ವತ್ತಿಯ ನಾಲಿಗೆಗೆ ಆ ಮಾತು ಹೊರಳಲಿಲ್ಲ. ಆಕೆ 'ಪಲಂಗ' ಎಂದಳು. ಪಲಂಗವೆಂದರೆ ನಮ್ಮಲ್ಲಿ ಮಂಚ. "ಏನಬೇ ಶಾಂತಾ, ನಿನ್ನ ಗಂಡ ಹೊತ್ತ ಹೊಂಟ್ರ ಮುಳಗಿದ್ರ ಬರೇ ಪಲಂಗದ್ದ ಮಾತಾಡ್ತಾನಲ್ಲ" ಎಂದು ನೆರೆಮನೆಯವರ ಮುಂದೆಯೇ ಕೇಳಿದಳು. ಇವರು ಊಟ ಬಿಟ್ಟು ಎದ್ದು ಹೋದರು.

ಆ ಬೇಸಿಗೆಯ ಜಗಳ ಯಾವ ಬಗೆಯ ಫ್ಲ್ಯಾಂಜ್ ಹಾಕಬೇಕು ಎಂಬುದೇ ಆಗಿತ್ತು. ಬಗೆಗಳು ಮೂರು. ಒಂದು, ಕುತ್ತಿಗೆ ಇರುವಂಥದ್ದು. ಕಾಸಿ ಬಡಿದು ಮಾಡಿದ್ದು, ತಂಬಿಗೆಯ ಕಂಠದಂತೆ ಪೈಪಿನ ಕಡೆಗೆ ಇಳಿಜಾರಾಗಿ ಬರುತ್ತದೆ. ಅದು ವಿಲಾಯತಿಯಿಂದ ಹಡಗಿನಲ್ಲಿ ಮುಂಬಯಿಗೆ ಬರಬೇಕು. ಗುತ್ತೇದಾರರಿಗೆ ಅದರ ಮೇಲೆ ಮನಸ್ಸು. ಇಷ್ಟು ಕಡಿಮೆ ಒತ್ತಡದ ನೀರಿಗೆ ಅಂಥದ್ದು ಬೇಕಿಲ್ಲ, ಹಡಗಿನ ದಾರಿ ಕಾಯುತ್ತ ಕೂತರೆ ನದಿ ಕಾಯುವುದಿಲ್ಲ ಎಂದು ಮಾವ ಅಳಿಯ ಇಬ್ಬರೂ ಒಂದೇ ಬಾಯಲ್ಲಿ ಹೇಳಿ ಅದನ್ನು ಬಿಡಿಸಿದರು. ಆ ಬೇಸಿಗೆಯಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ಎರಡನೆಯದು ದಪ್ಪ ಉಕ್ಕಿನ ಹಲಗೆಯಿಂದ ಬಳೆ ಕತ್ತರಿಸಿ ಪೈಪಿನ ತುದಿಗೆ ಬೆಸೆದುಬಿಡುವುದು. ಒಮ್ಮೆ ಬೆಸೆದರೆ ಪೈಪೂ ಅದೂ ಒಂದೇ, ಅಲ್ಲಾಡುವ ಮಾತಿಲ್ಲ. ಮೂರನೆಯದರಲ್ಲಿ ಪೈಪಿನ ತುದಿಗೆ ಒಂದು ಕಿರಿದಾದ ಅಂಚನ್ನು ಮಾತ್ರ ಬೆಸೆಯುತ್ತಾರೆ. ಬಳೆ ಆ ಅಂಚಿನ ಹಿಂದೆ ಬಿಡಿಯಾಗಿ ಇರುತ್ತದೆ, ಕೈಯಿಂದ ತಿರುಗಿಸಿದರೆ ತಿರುಗುತ್ತದೆ. ವರ್ಕಶಾಪಿನವರು ಅದಕ್ಕೆ 'ತಿರುಗೋ ಬಳಿ' ಎಂದು ಹೆಸರಿಟ್ಟರು.

ನೇರ ಪೈಪುಗಳಿಗೆಲ್ಲ ಬೆಸೆದದ್ದೇ ಸಾಕು ಎಂಬುದರಲ್ಲಿ ತಕರಾರಿರಲಿಲ್ಲ. ತೂತು ಹೊಂದದಿದ್ದರೆ ಪೈಪನ್ನೇ ಉರುಳಿಸಿ ಹೊಂದಿಸಬಹುದು. ಜಗಳವೆಲ್ಲ ಒಂದೇ ಒಂದು ಪೈಪಿನದು. ನದಿಯ ದಂಡೆಯಲ್ಲಿ ಪಂಪಿನಿಂದ ಬರುವ ನೀರು ಮೊದಲು ಒಂದು ದೊಡ್ಡ ವಾಲ್ವ್ ದಾಟಿ, ಅಲ್ಲಿಂದ ಡೊಂಕು ಪೈಪಿನಲ್ಲಿ ಹೊರಳಿ ಊರ ಕಡೆ ಮುಖ ಮಾಡಬೇಕು. ಡೊಂಕು ಪೈಪನ್ನು ಉರುಳಿಸಲು ಬರುವುದಿಲ್ಲ, ಉರುಳಿಸಿದರೆ ಅದರ ಇನ್ನೊಂದು ಬಾಯಿ ಆಕಾಶ ನೋಡುತ್ತದೆ. ವಾಲ್ವನ್ನೂ ವಾಲಿಸುವಂತಿಲ್ಲ. ಅದರ ಆಚೆಯ ಪೈಪು ಕಾಂಕ್ರೀಟಿನ ಕಟ್ಟೆಯಲ್ಲಿ ಕೂತುಬಿಟ್ಟಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ನಾನು ಆಗತಾನೇ ಬಡಿದು ಹಾಕಿದ ಎರಡು ಜೋಳದ ರೊಟ್ಟಿ ಎತ್ತಿಕೊಂಡು, ಅಂಚಿನ ಸುತ್ತ ಬೆರಳಿನಿಂದ ತೂತು ಮಾಡಿದರು. ಒಂದರ ಮೇಲೊಂದು ಇಟ್ಟರು. ತೂತಿಗೆ ತೂತು ಕೂಡಲಿಲ್ಲ. ಮೇಲಿನ ರೊಟ್ಟಿಯನ್ನು ಸ್ವಲ್ಪ ತಿರುಗಿಸಿದರು, ಕೂಡಿತು.

"ನೋಡ್ರಿ ಮಾವಾರ, ಇದು ತಿರುಗಿತು, ಅದಕ್ಕ ಕೂಡಿತು. ಬೆಸದಬಿಟ್ರ ತಿರುಗೂದಿಲ್ಲ. ಮ್ಯಾಲ ಅಲ್ಲೆ ಎರಿ ಭೂಮಿ. ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. ಕಟ್ಟಿ ತುಸು ಸರದ್ರೂ ತೂತು ತಪ್ಪತಾವು. ಆ ಡೊಂಕ ಪೈಪಿಗಿ ಒಂದಕ್ಕ ತಿರುಗೋ ಬಳಿ ಹಾಕೂಣು."

ಅಪ್ಪ ಮೇಲಿನ ರೊಟ್ಟಿ ತೆಗೆದುಕೊಂಡು, ಪುಂಡಿಪಲ್ಯ ಹಚ್ಚಿ, ತೂತುಗಳ ಸಮೇತ ತಿಂದರು. ಪೂರ್ತಿ ತಿಂದು ಮುಗಿಸಿದ ಮೇಲೆ ಹೇಳಿದರು, "ಅಳಿಯಂದ್ರ, ತಿರುಗೋ ಬಳಿ ಹಾಕೂದಂದ್ರ ಏನ್ರಿ? ನಾ ತೂತ ತಪ್ಪ ಹೊಡೀತೇನಿ ಅಂತ ಮೊದಲ ಒಪ್ಪಿಕೊಂಡಂಗ. ನಾ ಹೊಡದ ತೂತು ಇವತ್ತಿನ ತನಾ ಎಲ್ಲಿ ತಪ್ಪೇತಿ, ತೋರಸ್ರಿ."

"ತಪ್ಪೇತಿ ಅನ್ನಾಕತ್ತಿಲ್ರಿ ನಾ. ತಪ್ಪಿದ್ರ ಅಂತೇನಿ."

"ತಪ್ಪಿದ್ರ ಅಂಬೂ ಮಾತ ನನ್ನ ವರ್ಕಶಾಪಿನ್ಯಾಗ ಇಲ್ಲ."

ನನಗೆ ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಅಪ್ಪನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಇವರದು ಹೊಟ್ಟೆಯೊಳಗೆ. ಮೂಗಿನ ಮೇಲಿನದು ಸೀನಿದರೆ ಹೋಗುತ್ತದೆ, ಹೊಟ್ಟೆಯೊಳಗಿನದು ಹಾಗಲ್ಲ. ಇಬ್ಬರೂ ಎರಡು ದಿನ ಮಾತು ಬಿಟ್ಟರು. ಅಪ್ಪ ನನಗೆ ಹೇಳುವುದು, ನಾನು ಇವರಿಗೆ ಹೇಳುವುದು. "ನಿನ್ನ ಗಂಡಗ ಹೇಳು, ಬೋಲ್ಟು ಬಂದಾವು." "ನಿಮ್ಮಪ್ಪಾರಿಗಿ ಹೇಳು, ನೋಡೇನಿ." ಅಂಗಳದಲ್ಲಿ ಲಡಿ ಹಿಂಡುತ್ತಿದ್ದ ಅತ್ತಿ, "ಆ ಪಲಂಗ ಮುರದ ಬೀಳಲಿ, ನನ್ನ ಸೊಸಿ ಜೀವ ತಿಂತೀರಿ" ಎಂದು ಇಬ್ಬರನ್ನೂ ಬೈದಳು.

ಕೊನೆಗೆ ಅಪ್ಪನೇ ಬಂದು ಇವರ ಎದುರು ಕೂತರು. ದನಿ ಇಳಿದಿತ್ತು. "ನೀವು ಇಂಜಿನಿಯರ ಅದೀರಿ, ನೀವು ಹೇಳಿದ್ದು ಆಗಬೇಕು, ಖರೆ. ಆದ್ರ ಅದು ನಮ್ಮ ಗಂಗವ್ವನ ನೀರು ಹೊಳ್ಳೂ ಜಾಗಾ ಐತ್ರಿ. ಆ ಒಂದು ಪೈಪಿಗಿ ನನ್ನ ಕೈಯ್ಯಾಗಿನ ಗಟ್ಟಿ ಕೆಲಸ ಇರಲಿ. ನನಗ ಬಿಡ್ರಿ." ಇವರಿಗೆ ಆ ಮಾತು ತೆಗೆದುಹಾಕಲಾಗಲಿಲ್ಲ. "ಆತು ಬಿಡ್ರಿ ಮಾವಾರ" ಎಂದರು. ಹೀಗೆ ಡೊಂಕು ಪೈಪಿಗೂ ಬೆಸೆದ ಫ್ಲ್ಯಾಂಜೇ ಗೊತ್ತಾಯಿತು.

ಅಪ್ಪನ ಕೆಲಸದ ರೀತಿ ಬೇರೆ. ಬೇರೆಯವರು ಮೊದಲು ತೂತು ಕೊರೆದು ಆಮೇಲೆ ಬೆಸೆದರೆ, ಅಪ್ಪ ಬೆಸೆದ ಮೇಲೆಯೇ ಕೊರೆಯುವುದು. ಬೆಸುಗೆಯ ಕಾವಿಗೆ ಉಕ್ಕು ಎಳೆದಾಡಿ ತೂತು ಆಚೀಚೆ ಸರಿಯುತ್ತದೆ ಎಂದು ಅವರ ಲೆಕ್ಕ. ಪೈಪು ಹೊಳೆಯ ದಂಡೆಯಲ್ಲಿ ಹೇಗೆ ಕೂರಬೇಕೋ ಹಾಗೆಯೇ ವರ್ಕಶಾಪಿನಲ್ಲಿ ಕೂರಿಸುವರು. ಆಮೇಲೆ ಫ್ಲ್ಯಾಂಜಿನ ನೆತ್ತಿಗೆ ಸೇಂದೂರದ ಒಂದು ಬೊಟ್ಟು ಇಟ್ಟು, "ಹಣಮಪ್ಪಾ, ನಿನ್ನ ಕೆಲಸ" ಎಂದು ಕೈಮುಗಿಯುವರು. ಬೊಟ್ಟಿಲ್ಲದೆ ಯಾವ ಉಕ್ಕಿಗೂ ತೂತು ಕೊರೆಯುವ ಬರಮಾ ತಾಗಬಾರದು. ಕೈಮುಗಿದ ಮೇಲೆ ಸೀಮೆಸುಣ್ಣ ಹಿಡಿದು ತೂತಿನ ಗುರುತು ಹಾಕುವುದು ಅವರದೇ ಕೈ. ಗುರುತು ಯಾವಾಗಲೂ ನೆತ್ತಿಯ ಎರಡೂ ಬದಿಗೆ, ನೆತ್ತಿಯ ಮೇಲೆ ಅಲ್ಲ. ಮುಂಬಯಿಯಿಂದ ಬಂದ ವಾಲ್ವಿನ ತೂತುಗಳೂ ಹಾಗೆಯೇ ಇದ್ದವು.

ಡೊಂಕು ಪೈಪಿಗೆ ಕೊರೆಯುವ ದಿನ, ಬೊಟ್ಟಿಟ್ಟ ಹೊತ್ತಿಗೆ ಸರಿಯಾಗಿ ನೆರೆಮನೆಯವರೊಬ್ಬರು ಓಡಿ ಬಂದರು. ಗಂಗವ್ವತ್ತಿ ನದಿಯ ಕಲ್ಲಿನ ಮೇಲೆ ಜಾರಿ ಬಿದ್ದಿದ್ದಳು, ಏಳಲಾಗುತ್ತಿರಲಿಲ್ಲ. ಅಪ್ಪ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ಹೊರಟೇಬಿಟ್ಟರು. ಬಾಗಿಲು ದಾಟುವಾಗ ತಿರುಗಿ ನೋಡಿ ಬರಮಾ ನಡೆಸುವ ದಸ್ತಗೀರನಿಗೆ ಹೇಳಿದ್ದು ಒಂದೇ ಮಾತು. "ಬೊಟ್ಟಿಟ್ಟೇನಿ, ಶುರು ಮಾಡು."

ಅತ್ತಿಯ ಕಾಲು ಮುರಿದಿರಲಿಲ್ಲ, ಉಳುಕಿತ್ತು. ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಪಾದ ಕುಂಬಳಕಾಯಿಯಂತೆ ಊದಿತ್ತು. ಅಪ್ಪ ಅದಕ್ಕೆ ತಾವೇ ಅರಿಸಿನ ಹಚ್ಚಿ ಪಟ್ಟಿ ಕಟ್ಟಿದರು. ಕೊರೆದ ಪೈಪನ್ನು ಹೋಗಿ ನೋಡುವ ನೆನಪೇ ಅವರಿಗೆ ಆಗಲಿಲ್ಲ. ಅಪ್ಪ ಅಂಗಳದ ಹರವಿಗಳನ್ನೇ ನೋಡುತ್ತಿದ್ದರು.

ಮಿರಗ ಸಮೀಪಿಸಿತು. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ, ಬಿಸಿಲು ಸುಡುತ್ತಿತ್ತು. ಕೃಷ್ಣೆ ನಮ್ಮ ಮಳೆಯನ್ನು ಕಾಯುವವಳಲ್ಲ. ಮೇಲೆ ಸಾತಾರೆಯ ಘಟ್ಟದಲ್ಲಿ ಮಳೆಯಾದರೆ ಇಲ್ಲಿ ಒಣಬಿಸಿಲಿನಲ್ಲೇ ಕೆಂಪಾಗುತ್ತಾಳೆ. ಡೊಂಕು ಪೈಪು ಕೂಡಿಸುವ ದಿನ ನಾನು ಬುತ್ತಿ ತೆಗೆದುಕೊಂಡು ದಂಡೆಗೆ ಹೋದಾಗ ತಿಳಿನೀರಿನ ನಡುವೆ ಕೆಂಪನೆಯ ಒಂದು ಎಳೆ ಹರಿಯುತ್ತಿತ್ತು. ಅದನ್ನು ಕಂಡು ಕೆಲಸಗಾರರೆಲ್ಲ ಅವಸರದಲ್ಲಿದ್ದರು. ಪೈಪನ್ನು ಸರಪಳಿಯಲ್ಲಿ ಎತ್ತಿ, ವಾಲ್ವಿನ ಮುಖಕ್ಕೆ ತಂದು ನಿಲ್ಲಿಸಿದರು.

ತೂತುಗಳು ಕೂಡಲಿಲ್ಲ. ಅಲ್ಲಿ ತೂತಿದ್ದ ಕಡೆ ಇಲ್ಲಿ ಗಟ್ಟಿ ಉಕ್ಕು, ಇಲ್ಲಿ ತೂತಿದ್ದ ಕಡೆ ಅಲ್ಲಿ ಉಕ್ಕು. ಸುತ್ತ ಎಲ್ಲಿ ನೋಡಿದರೂ ಹಾಗೆಯೇ. ಮೊದಲು ಎಲ್ಲರೂ ಕಟ್ಟೆ ಸರಿದಿದೆ ಎಂದುಕೊಂಡರು. ಅಪ್ಪ ಬಗ್ಗಿ ನೋಡಿದರು. ಫ್ಲ್ಯಾಂಜಿನ ನೆತ್ತಿಯ ಮೇಲೆ, ಸರಿಯಾಗಿ ನಡುವೆ ಒಂದು ತೂತು ಇತ್ತು. ತೂತಿನ ಅಂಚಿಗೆ ಸೇಂದೂರ ಮೆತ್ತಿಕೊಂಡಿತ್ತು.

"ದಸ್ತಗೀರಾ, ಇಲ್ಲಿ ಯಾಕ ಹೊಡದಿ?"

ದಸ್ತಗೀರ ಒಳ್ಳೆಯ ಕೆಲಸಗಾರ. ಆ ಬೇಸಿಗೆಯಷ್ಟೇ ನಮ್ಮಲ್ಲಿ ಸೇರಿದವನು. ಅವನಿಗೆ ಏನು ತಪ್ಪಾಗಿದೆಯೆಂದು ಇನ್ನೂ ಗೊತ್ತಾಗಿರಲಿಲ್ಲ. "ನೀವ ಬೊಟ್ಟಿಟ್ಟೇನಿ ಶುರು ಮಾಡು ಅಂದ್ರಲ್ರಿ ಮಾಲಕ. ಸುಣ್ಣದ ಗುರುತ ಇರಲಿಲ್ಲ. ದೇವರ ಬೊಟ್ಟಿಂದನ ಮೊದಲನೇ ತೂತು ಶುರು ಮಾಡಬೇಕೇನೋ ಅಂತ, ತೂತಿನ ಅಚ್ಚು ಅಲ್ಲಿಟ್ಟು ಸುತ್ತ ಹೊಡದ್ನಿರಿ. ಅಳತಿ ಎಲ್ಲಾ ಬರೋಬ್ಬರಿ ಐತ್ರಿ."

ಅಳತೆ ಬರೋಬ್ಬರಿಯೇ ಇತ್ತು. ಒಂದು ತೂತಿನಿಂದ ಇನ್ನೊಂದಕ್ಕೆ ಕೂದಲೆಳೆಯ ತಪ್ಪೂ ಇರಲಿಲ್ಲ. ಇಡೀ ಸುತ್ತು ಮಾತ್ರ ಎರಡು ತೂತಿನ ನಡುವಿನ ಅಂತರದ ಅರ್ಧದಷ್ಟು ಸರಿದು ಕೂತಿತ್ತು. ಅಪ್ಪ ಮೆಲ್ಲಗೆ ಪಕ್ಕದ ಪೈಪಿನ ಮೇಲೆ ಕೂತುಬಿಟ್ಟರು. "ಹೌದಲೇ, ಬೊಟ್ಟಿಟ್ಟೇನಿ ಅಂದಾಂವ ನಾನ" ಎಂದರು. ಎಂದೂ ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಇವರ ಕಡೆ ನೋಡಿದರು. "ಬೈರಿ ಅಳಿಯಂದ್ರ. ಒಮ್ಮೆ ಬೈದಬಿಡ್ರಿ."

ಇವರಿಗೆ ಹೇಳಲು ಎಷ್ಟೋ ಇತ್ತು. ರೊಟ್ಟಿಯ ಮಾತನ್ನೇ ಎತ್ತಬಹುದಿತ್ತು. ನಾನು ಬುತ್ತಿಗಂಟು ಹಿಡಿದು ನಿಂತಿದ್ದೆ. ಇವರು ಒಮ್ಮೆ ನದಿ ನೋಡಿದರು, ಒಮ್ಮೆ ತೂತು ನೋಡಿದರು. "ಬೈಯಾಕ ಹೊತ್ತಿಲ್ರಿ ಮಾವಾರ. ಮೊದಲ ಎರಡ ತುತ್ತ ಉಣ್ಣೂಣ ಬರ್ರಿ" ಎಂದು ನನ್ನ ಕೈಯಿಂದ ಗಂಟು ಇಸಿದುಕೊಂಡರು. ಮದುವೆಯ ದಿನ ಇವರ ಮೇಲೆ ನನಗೆ ಪ್ರೀತಿ ಹುಟ್ಟಿತ್ತೋ ಇಲ್ಲವೋ ನೆನಪಿಲ್ಲ, ಅಂದು ಆ ದಂಡೆಯ ಮೇಲೆ ಮಾತ್ರ ಹುಟ್ಟಿತು. ಇಂದಿಗೂ ಆ ಜಾಗ ತೋರಿಸಬಲ್ಲೆ.

ರೊಟ್ಟಿ ತಿನ್ನುತ್ತಲೇ ಲೆಕ್ಕ ಹಾಕಿದರು. ಫ್ಲ್ಯಾಂಜನ್ನು ಕತ್ತರಿಸಿ ತೆಗೆದು, ಆ ಅರ್ಧ ಅಂತರದಷ್ಟು ತಿರುಗಿಸಿ ಮತ್ತೆ ಬೆಸೆಯಬಹುದಿತ್ತು. ಆದರೆ ಬೆಸೆಯುವ ಯಂತ್ರ ಆ ಕಡಿದಾದ ದಂಡೆಗೆ ಇಳಿಯುವಂಥದ್ದಲ್ಲ, ಪೈಪೇ ವರ್ಕಶಾಪಿಗೆ ಹೋಗಿ ಬರಬೇಕು. ಅಲ್ಲಿ ಅಳತೆ ಮತ್ತೆ ತುಸು ತಪ್ಪಿದರೂ ಇನ್ನೊಮ್ಮೆ ಒಯ್ದು ತರಲು ನದಿ ಬಿಡುವುದಿಲ್ಲ. ಇದನ್ನೆಲ್ಲ ಇವರು ಹೇಳಿದರು. ಮುಂದಿನದನ್ನು ತಾವು ಹೇಳಲಿಲ್ಲ. ಅಪ್ಪ ಕೈ ತೊಳೆದುಕೊಂಡು ಎದ್ದರು.

"ತಿರುಗೋ ಬಳಿ ಹಾಕೂಣ್ರಿ" ಎಂದರು.

ಹುನ್ನೂರಿನವರ ಗಾಡಿಯ ಮೇಲೆ ಪೈಪು ತಿರುಗಿ ಮನೆಗೆ ಬಂತು. ಅಪ್ಪ ಗ್ಯಾಸಿನ ಉರಿ ಹಿಡಿದು ತಮ್ಮದೇ ಬೆಸುಗೆಯನ್ನು ಸುತ್ತ ಕತ್ತರಿಸಿದರು. ಅದು ಎಷ್ಟು ಗಟ್ಟಿ ಬೆಸುಗೆಯಾಗಿತ್ತೆಂದರೆ ಕತ್ತರಿಸಿದ ಮೇಲೂ ಬಿಡಲೊಲ್ಲದು, ಸುತ್ತಿಗೆಯಿಂದ ಹೊಡೆದು ಬಿಡಿಸಬೇಕಾಯಿತು. ಒಂದೊಂದು ಏಟಿಗೂ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಬಳೆಯ ಒಳಬಾಯನ್ನು ದಸ್ತಗೀರ ಅರದಿಂದ ಉಜ್ಜಿ ಉಜ್ಜಿ ಹಿಗ್ಗಿಸಿದ. ಬಳೆಯನ್ನು ಪೈಪಿಗೆ ತೊಡಿಸಿ, ಅದರ ಮುಂದೆ ಕಿರಿದಾದ ಅಂಚು ಬೆಸೆದರು. ಈಗ ಅದು ಕಳಚಿ ಬೀಳುವಂತೆಯೂ ಇಲ್ಲ, ಒಂದೆಡೆ ನಿಲ್ಲುವಂತೆಯೂ ಇಲ್ಲ.

ಗಂಗವ್ವತ್ತಿ ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡು ಹಿತ್ತಲಿಗೆ ಬಂದಳು. ಲೋಕಾಪುರದ ಕಡೆಯಿಂದ ತರಿಸಿದ್ದ ಹೊಸ ಅಗಸೆ ಎಣ್ಣೆಯಲ್ಲಿ ಸೇಂದೂರ ಕಲಸಿ ಸಣಬು ನೆನೆಸಲು ಕೂತಳು. ಬಣ್ಣ ಕಲಸುವ ಕೈ, ಒಂದು ಗಂಟೂ ಉಳಿಯದಂತೆ ಕಲಸಿದಳು. ಮನೆಯೆಲ್ಲ ಆ ವಾಸನೆಯೇ. ಕೆಲಸ ಮುಗಿದು ಎಲ್ಲರೂ ನೀರು ಕುಡಿಯುತ್ತಿದ್ದಾಗ ಆಕೆ ಕೈ ಚಾಚಿ ಬಳೆಯನ್ನು ತಿರುವಿದಳು. ಅದು ಕಿರ್ರೆಂದು ತಿರುಗಿತು.

"ಈಗ ಬಳಿ ಆತು ನೋಡಣ್ಣಾ. ಇಷ್ಟು ದಿನಾ ಬೇಡಿ ಆಗಿತ್ತು" ಎಂದಳು.

ಅಪ್ಪನಿಗೆ ಸಿಟ್ಟು ಬರುತ್ತದೆಂದು ನಾವೆಲ್ಲ ಕಾದೆವು. ಬರಲಿಲ್ಲ. ಅವರೂ ಒಮ್ಮೆ ಕೈಹಾಕಿ ತಿರುವಿ ನೋಡಿದರು. ಆಮೇಲೆ ಬಟ್ಟಲಿಗೆ ಬೆರಳು ಅದ್ದಿ, ನೆತ್ತಿಯ ತೂತಿನ ಮೇಲುಗಡೆಗೆ ಬೊಟ್ಟಿಟ್ಟು ಕೈಮುಗಿದರು. ದಸ್ತಗೀರನನ್ನು ಹತ್ತಿರ ಕರೆದು, "ಇದು ದೇವರದು. ತೂತಿಂದಲ್ಲ" ಎಂದರು. ಅವನೂ ಕೈಮುಗಿದ.

ಮರುದಿನ ದಂಡೆಗೆ ಹೋದಾಗ ಕೃಷ್ಣೆ ಪೂರ್ತಿ ಕೆಂಪಾಗಿದ್ದಳು. ನೀರು ಕಟ್ಟೆಯ ಬುಡ ಮುಟ್ಟಿತ್ತು. ಮೊಣಕಾಲ ಮಟ್ಟದ ನೀರಿನಲ್ಲಿ ನಿಂತು ಪೈಪು ಎತ್ತಿದರು. ನಾನೂ ಮನೆಯಲ್ಲಿ ನಿಲ್ಲಲಾರದೆ ಬಂದಿದ್ದೆ, ಅತ್ತಿ ಗಾಡಿಯಲ್ಲಿ ಕೂತೇ ಬಂದಿದ್ದಳು. ಪೈಪು ವಾಲ್ವಿನ ಮುಖಕ್ಕೆ ಬಂತು. ಮಾವ ಒಂದು ಕಡೆ, ಅಳಿಯ ಒಂದು ಕಡೆ ಬಳೆ ಹಿಡಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಮೆಲ್ಲಗೆ ತಿರುವಿದರು. ಅರ್ಧ ಅಂತರದಷ್ಟು ಸರಿದದ್ದೇ ತೂತಿಗೆ ತೂತು ಕೂಡಿ ಆಚೆಯ ಬೆಳಕು ಕಂಡಿತು. ಇವರು ಮೊದಲ ಬೋಲ್ಟು ತೂರಿಸಿದರು, ಅದರ ಎದುರಿನದನ್ನು ಅಪ್ಪ ತೂರಿಸಿದರು. ಒಮ್ಮೆ ಇತ್ತ, ಒಮ್ಮೆ ಅತ್ತ, ಎದುರುಬದರಾಗಿ ಬಿಗಿಯುತ್ತ ಹೋದರು. ಸೇಂದೂರ ಸಂದಿಯಿಂದ ಉಕ್ಕಿ ಹೊರಬಂತು.

ಎಲ್ಲ ಮುಗಿದ ಮೇಲೆ ಅಪ್ಪ ದೂರ ಸರಿದು ನೋಡಿದರು. ಅವರು ಇಟ್ಟಿದ್ದ ಬೊಟ್ಟು ಈಗ ನೆತ್ತಿಯಲ್ಲಿರಲಿಲ್ಲ. ಬಳೆಯೊಡನೆ ತಿರುಗಿ ತುಸು ಪಕ್ಕಕ್ಕೆ ಹೋಗಿತ್ತು. ದಸ್ತಗೀರ ಅದನ್ನು ಒರೆಸಿ ನೆತ್ತಿಗೆ ಮತ್ತೊಂದು ಇಡೋಣವೇ ಎಂದು ಕೇಳಿದ.

"ಬ್ಯಾಡ" ಎಂದರು ಅಪ್ಪ. "ಹಣಮಪ್ಪ ತಾ ಸರದು ನಮಗ ಜಾಗಾ ಕೊಟ್ಟಾನ. ಇರಲಿ ಅಲ್ಲೇ."

ಎರಡು ದಿನ ಕಳೆಯುವುದರೊಳಗೆ ಡೊಂಕು ಪೈಪು ಕೆಂಪು ನೀರಿನೊಳಗೆ ಮುಳುಗಿತು. ಅದು ಮುಳುಗಿದ ಮೇಲೆ ಎತ್ತರದಲ್ಲಿದ್ದ ಪಂಪು ಶುರುವಾಯಿತು. ನೀರು ಗುಡ್ಡದ ಮೇಲಿನ ತೊಟ್ಟಿಗೆ ಏರಿ, ಅಲ್ಲಿ ಕೆಸರು ಇಳಿದು ತಿಳಿಯಾಗಿ, ಓಣಿಯ ನಳಕ್ಕೆ ಬಂತು. ನಳ ನಮ್ಮ ಬಾಗಿಲಿಗೆ ಎದುರೇ ಇತ್ತು. ಮಿರಗ ಆಗಲೇ ಕೂಡಿ ಒಂದು ಮಳೆ ಬಿದ್ದಿತ್ತು. ಮಾತಿಗೆ ನಾಲ್ಕು ದಿನ ತಪ್ಪಿತೆಂದು ಅಪ್ಪ ತಲೆ ತಗ್ಗಿಸಿಕೊಂಡೇ ಬಂದು ಬಾಗಿಲಲ್ಲಿ ನಿಂತರು.

ಗಂಗವ್ವತ್ತಿ ನನ್ನ ಹೆಗಲು ಹಿಡಿದು ನಳದವರೆಗೆ ನಡೆದಳು. ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡಳು. ಬಣ್ಣದವರು ನೀರನ್ನು ಒಮ್ಮೆಲೇ ಕುಡಿಯುವುದಿಲ್ಲ, ಮೊದಲು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಇವರೂ ಛತ್ರಿ ಮಡಚಿ ನಿಂತಿದ್ದರು. ಅತ್ತಿ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕೃಷ್ಣಿನ ಬಂದಾಳ" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ನಿಂತ ಏನ್ ನೋಡ್ತಿ? ಹರವಿ ತುಂಬು" ಎಂದಳು.

ಅಪ್ಪ ಅತ್ತುಬಿಟ್ಟರು. ಅಳುತ್ತಲೇ ಕೊಡ ಎತ್ತಿಕೊಂಡರು. ಕಬ್ಬಿಣ ಹಿಡಿದ ಮೇಲೆ ಹರವಿ ಮುಟ್ಟದಿದ್ದ ಅಪ್ಪ ಅಂದು ಅಂಗಳದ ಅಷ್ಟೂ ಹರವಿಗೆ ತಾವೇ ನೀರು ಹೊತ್ತು ತುಂಬಿದರು. ಆ ನೀರಿನಲ್ಲಿ ಅತ್ತಿ ಮೊದಲು ಅದ್ದಿದ ಕೆಂಪು ನೂಲಿನಿಂದ ನೇಯಿಸಿದ ಸೀರೆ ನನ್ನ ಹತ್ತಿರ ಈಗಲೂ ಇದೆ. ಅಂಚು ಸವೆದಿದೆ, ಮೈಯಲ್ಲಿ ಎಲ್ಲೂ ಮಂಕಿಲ್ಲ.

ಅತ್ತಿ ಕಣ್ಣು ಕಾಣುವವರೆಗೂ ಬಣ್ಣ ಹಾಕಿದಳು. ಅಪ್ಪ ಆಮೇಲೆ ಮುಧೋಳ, ಬೀಳಗಿ ಕಡೆಯೆಲ್ಲ ಪೈಪಿನ ಕೆಲಸ ಮಾಡಿದರು. ಯಾರಾದರೂ ಕೇಳಿದರೆ, ನೇರ ಇದ್ದಲ್ಲಿ ಬೆಸೆಯಿರಿ, ಡೊಂಕು ಬಂದಲ್ಲಿ ತಿರುಗೋ ಬಳಿ ಹಾಕಿರಿ ಎನ್ನುವರು, ಅದನ್ನು ತಾವೇ ಕಂಡುಹಿಡಿದವರ ಹಾಗೆ. ಇವರು ಪಕ್ಕದಲ್ಲಿದ್ದರೂ ತುಟಿ ಬಿಚ್ಚುತ್ತಿರಲಿಲ್ಲ. ಮನೆಗೆ ಬಂದು ನನ್ನೆದುರು ಮಾತ್ರ ನಗುತ್ತಿದ್ದರು. ಬರಬರುತ್ತ ಅದು ನಮ್ಮ ಸಂಸಾರದ ಮಾತೇ ಆಗಿಹೋಯಿತು. ನಾನು ಹಟ ಹಿಡಿದರೆ ಇವರು "ಬಳಿ ತಿರುವು" ಎನ್ನುವರು, ಇವರು ಹಿಡಿದರೆ ನಾನು ಎನ್ನುವೆ. ಈಗ ಎನ್ನಲು ಇವರಿಲ್ಲ.

ಇದನ್ನೆಲ್ಲ ಸೊಸೆಗೆ ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿ ಮುಗಿಸುವಷ್ಟರಲ್ಲಿ ಪೂಜಾರಿ ಬಟ್ಟಲು ಹಿಡಿದು ಬಂದ. ನಾನು ಕಣ್ಣು ಮುಚ್ಚಿ ಮುಖ ಎತ್ತಿದೆ. ಅವನಿಗೆ ಅವಸರವಿತ್ತೋ ಏನೋ, ಹಣೆಯ ನಡುವೆ ಹಚ್ಚಬೇಕಾದ ಸೇಂದೂರವನ್ನು ತುಸು ಪಕ್ಕಕ್ಕೆ ಹಚ್ಚಿ ಹೋದ. ಸೊಸೆ ಸೆರಗಿನ ತುದಿ ಹಿಡಿದು ಒರೆಸಿ ಸರಿಮಾಡಲು ಬಂದಳು.

"ಬ್ಯಾಡವಾ" ಎಂದೆ. "ಇರಲಿ ಅಲ್ಲೇ."